ವರ್ಟ್‌ಐಒ-ನೆಟ್: ಮೂರು ಬಗೆಯ ರಿಸೀವ್ ಬಫರ್ ಓಡಿಸಿ ನೋಡಿದೆ

ವರ್ಟ್‌ಐಒ-ನೆಟ್ ಅಂದರೆ ವರ್ಚುವಲ್ ಮಷೀನ್‌ಗೆಂದೇ ಮಾಡಿದ ನೆಟ್‌ವರ್ಕ್ ಕಾರ್ಡ್. ವರ್ಚುವಲ್ ಮಷೀನ್‌ಗೆ ಪ್ಯಾಕೆಟ್ ಬರುವ ಮೊದಲೇ ಅದನ್ನು ಇಡಲು ಜಾಗ ಸಿದ್ಧವಿರಬೇಕು. ಗೆಸ್ಟ್‌ನ (ವರ್ಚುವಲ್ ಮಷೀನ್‌ನ) ಡ್ರೈವರ್ ಖಾಲಿ ಬಫರ್‌ಗಳನ್ನು ರಿಂಗ್‌ಗೆ, ಅಂದರೆ ಇಬ್ಬರೂ ಹಂಚಿಕೊಂಡ ಸಾಲಿಗೆ, ಹಾಕಿಡುತ್ತದೆ; ಹೋಸ್ಟ್ (ಅದನ್ನು ಓಡಿಸುವ ನಿಜವಾದ ಮಷೀನ್) ತುಂಬುತ್ತಾ ಹೋಗುತ್ತದೆ. ಆದರೆ ಮುಂದಿನ ಪ್ಯಾಕೆಟ್ 60 ಬೈಟ್‌ನದೋ 64 ಕಿಲೋಬೈಟ್‌ನದೋ ಮೊದಲೇ ಗೊತ್ತಾಗುವುದಿಲ್ಲ, ಅಲ್ವಾ? ಲಿನಕ್ಸ್ ಡ್ರೈವರ್‌ನಲ್ಲಿ ಇದಕ್ಕೆ ಮೂರು ದಾರಿಗಳಿವೆ. ವರ್ಚುವಲ್ ಮಷೀನ್ ಓಡಿಸುವ ಕ್ಯೂಎಮುನಲ್ಲಿ ಫೀಚರ್‌ಗಳನ್ನು ಆನ್-ಆಫ್ ಮಾಡಿ, ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಹಚ್ಚಿ ಮೂರನ್ನೂ ನೋಡಿದೆ.

ಮೊದಲನೆಯದು ಸಣ್ಣ ಬಫರ್. ಗೆಸ್ಟ್ ಟಿಎಸ್‌ಒ (ದೊಡ್ಡ ಪ್ಯಾಕೆಟ್ ಅನ್ನು ತುಂಡು ಮಾಡದೆ ಗೆಸ್ಟ್‌ಗೆ ಕೊಡುವುದು) ಮತ್ತು ಮರ್ಜೆಬಲ್ (ಒಂದು ಪ್ಯಾಕೆಟ್ ಅನ್ನು ಹಲವು ಬಫರ್‌ಗಳಲ್ಲಿ ಹಂಚುವುದು) ಫೀಚರ್ ಎರಡನ್ನೂ ಆಫ್ ಮಾಡಿದರೆ ಡ್ರೈವರ್ ಇದಕ್ಕೆ ಇಳಿಯುತ್ತದೆ. ಒಂದು ಪ್ಯಾಕೆಟ್‌ಗೆ ಒಂದು ಬಫರ್, ಅಷ್ಟೇ. ಕೋಡ್ ಓದಲು ಸರಳ, ಮೆಮೊರಿಯೂ ಕಡಿಮೆ. ಡಿಎನ್ಎಸ್ ತರಹದ ಚಿಕ್ಕ ಪ್ಯಾಕೆಟ್‌ಗಳಿಗೆ ಯಾವ ತೊಂದರೆಯೂ ಕಾಣಲಿಲ್ಲ. ದೊಡ್ಡ ಫೈಲ್ ಕಳಿಸಿದಾಗ ಮಾತ್ರ ಗೆಸ್ಟ್ ಸಿಪಿಯು ಸುಸ್ತಾಯಿತು. ಒಂದೇ ತುಂಡಾಗಿ ಬರಬಹುದಾಗಿದ್ದ 64 ಕಿಲೋಬೈಟ್, ಸುಮಾರು 45 ಪ್ಯಾಕೆಟ್ ಆಗಿ ಒಳಗೆ ಬರುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಕೆಲಸ.

ಎರಡನೆಯದು ದೊಡ್ಡ ಬಫರ್. ಟಿಎಸ್‌ಒ ಇದೆ, ಮರ್ಜೆಬಲ್ ಇಲ್ಲ. ಬರಬಹುದಾದ ಅತಿ ದೊಡ್ಡ ಪ್ಯಾಕೆಟ್‌ಗೆ ಸಾಕಾಗುವಷ್ಟು ಜಾಗವನ್ನು ಪ್ರತಿ ಬಫರ್‌ನಲ್ಲೂ ಇಡಬೇಕು. 4 ಕಿಲೋಬೈಟ್ ಪುಟಗಳ ಮಷೀನ್‌ನಲ್ಲಿ ಒಂದು ಬಫರ್‌ಗೆ 18 ಪುಟ, 19 ಡಿಸ್ಕ್ರಿಪ್ಟರ್ (ಮೆಮೊರಿಯ ಒಂದು ತುಂಡು ಎಲ್ಲಿದೆ ಅಂತ ಹೇಳುವ ರಿಂಗ್‌ನ ನಮೂದು). ಇನ್‌ಡೈರೆಕ್ಟ್ ಡಿಸ್ಕ್ರಿಪ್ಟರ್ (ಇಡೀ ಪಟ್ಟಿಯನ್ನು ರಿಂಗ್‌ನ ಒಂದೇ ನಮೂದಿನಿಂದ ತೋರಿಸುವುದು) ಆಫ್ ಮಾಡಿದರೆ 256ರ ರಿಂಗ್‌ನಲ್ಲಿ 13 ಬಫರ್ ಮಾತ್ರ ಕೂರುತ್ತವೆ. ಚಿಕ್ಕ ಪ್ಯಾಕೆಟ್‌ಗಳು ಒಮ್ಮೆಲೇ ನುಗ್ಗಿದರೆ ರಿಂಗ್‌ನ ಬಫರ್‌ಗಳು ತಕ್ಷಣ ಮುಗಿದುಹೋಗುತ್ತವೆ. ಇನ್‌ಡೈರೆಕ್ಟ್ ಆನ್ ಇದ್ದರೆ 256 ಬಫರ್ ಹಿಡಿಯುತ್ತವೆ, ಆದರೆ ಒಂದು ಕ್ಯೂಗೆ (ಪ್ರತಿ ಕ್ಯೂಗೂ ಒಂದು ರಿಂಗ್) 18 ಎಂಬಿ ಮೆಮೊರಿ ಸುಮ್ನೆ ಕಾಯುತ್ತಾ ಕೂತಿರುತ್ತದೆ. 8 ಕ್ಯೂ ಇಟ್ಟರೆ 144 ಎಂಬಿ. ಚಿಕ್ಕ ಗೆಸ್ಟ್‌ಗೆ ಇದು ಜಾಸ್ತಿಯೇ. ಇದನ್ನು ಬಳಸಿ ಅಂತ ಯಾರಿಗೂ ಹೇಳಲಾರೆ.

ಮೂರನೆಯದು ಮರ್ಜೆಬಲ್ ಬಫರ್, ನನ್ನ ಆಯ್ಕೆ. ಬಫರ್ ಚಿಕ್ಕದೇ. ಪ್ಯಾಕೆಟ್ ದೊಡ್ಡದಾದರೆ ಹೋಸ್ಟ್ ಅದನ್ನು ಹಲವು ಬಫರ್‌ಗಳಲ್ಲಿ ಹಂಚಿ, ಎಷ್ಟು ಬಳಸಿದೆ ಅಂತ ಹೆಡರ್‌ನಲ್ಲಿ ಬರೆಯುತ್ತದೆ. ಆ ಲೆಕ್ಕಕ್ಕೆ ಎರಡೇ ಬೈಟ್: 10 ಬೈಟ್‌ನ ಹಳೆಯ ಹೆಡರ್ ಇಲ್ಲಿ 12 ಆಗುತ್ತದೆ. ಆ ಎರಡು ಬೈಟ್‌ನಿಂದ ಸಿಗುವ ಲಾಭ ನನಗೆ ಈಗಲೂ ಬೆರಗು. ಚಿಕ್ಕ ಪ್ಯಾಕೆಟ್‌ಗೆ ಮೆಮೊರಿ ಪೋಲಾಗುವುದಿಲ್ಲ, ದೊಡ್ಡದು ತುಂಡಾಗದೆ ಬರುತ್ತದೆ.

2014ರ ಲಿನಕ್ಸ್ 3.14ರಿಂದ ಬಫರ್‌ನ ಅಳತೆಯನ್ನೂ ಡ್ರೈವರ್ ತಾನೇ ಹೊಂದಿಸಿಕೊಳ್ಳುತ್ತದೆ. ಬಂದ ಪ್ಯಾಕೆಟ್‌ಗಳ ಸರಾಸರಿ ಗಾತ್ರ ನೋಡಿ ಮುಂದಿನ ಬಫರ್ ಕತ್ತರಿಸುತ್ತದೆ. ಈಗಿನ ಅಳತೆ ಎಷ್ಟು ಅಂತ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಓದಬಹುದು. ಗೆಸ್ಟ್ ಸುಮ್ಮನಿದ್ದಾಗ ಅಲ್ಲಿ 1536 ಇತ್ತು. ಐಪರ್ಫ್ ಶುರುವಾದ ಮೇಲೆ ಏರಿ 4096ರ ಹತ್ತಿರ ಹೋಯಿತು.

ಒಂದು ಎಚ್ಚರಿಕೆ ಇದೆ. ಚಿಕ್ಕ ಪ್ಯಾಕೆಟ್‌ಗಳ ನಡುವೆ ಒಮ್ಮೆಲೇ ದೊಡ್ಡವು ನುಗ್ಗಿದರೆ, ರಿಂಗ್‌ನಲ್ಲಿ ಆಗಲೇ ಕೂತ ಬಫರ್‌ಗಳು 1536ರವೇ. ಒಂದು 64 ಕಿಲೋಬೈಟ್ ಪ್ಯಾಕೆಟ್ 43 ಬಫರ್ ನುಂಗುತ್ತದೆ. ಅಂದರೆ 256ರ ರಿಂಗ್‌ನಲ್ಲಿ ಅಂಥ ಐದಕ್ಕೆ ಮಾತ್ರ ಜಾಗ. ಇಂಥ ಟ್ರಾಫಿಕ್ ಇರುವ ಗೆಸ್ಟ್‌ನಲ್ಲಿ ಪ್ಯಾಕೆಟ್ ಬಿದ್ದುಹೋಗುತ್ತಿದ್ದರೆ ಮರ್ಜೆಬಲ್ ಆಫ್ ಮಾಡಬೇಡಿ. ಮೊದಲು ಕ್ಯೂಎಮುನಲ್ಲಿ ರಿಸೀವ್ ಕ್ಯೂ ಗಾತ್ರವನ್ನು 1024ಕ್ಕೆ ಏರಿಸಿ ನೋಡಿ.