ಲೋಡಿಂಗ್ ಚಕ್ರ ಮರೆಯಾಗುವುದನ್ನು ಕಾಯುವಲ್ಲಿ ಸೆಲೆನಿಯಂ

ಕಲಬುರಗಿಯ ತೊಗರಿಬೇಳೆ ಮಿಲ್ಲೊಂದರ ಬಿಲ್ಲಿಂಗ್ ಜಾಲತಾಣವನ್ನು ಪರೀಕ್ಷಿಸಲು ನಾನು ಬ್ರೌಸರನ್ನು ಸ್ಕ್ರಿಪ್ಟ್ ಮೂಲಕ ನಡೆಸುವ ಸಾಧನವಾದ ಸೆಲೆನಿಯಂ ಬಳಸುತ್ತಿದ್ದೇನೆ. ದರಪಟ್ಟಿ ತುಂಬುವಾಗ ಪುಟವನ್ನು ಆವರಿಸುವ ಲೋಡಿಂಗ್ ಚಕ್ರ ಮರೆಯಾಗುವ ಮೊದಲೇ ಸ್ಕ್ರಿಪ್ಟ್ ಬಟನ್ ಒತ್ತಲು ಹೋದರೆ, ಕ್ಲಿಕ್ಕಿಗೆ ಚಕ್ರವೇ ಅಡ್ಡಬಂದು ಪರೀಕ್ಷೆ ವಿಫಲವಾಗುತ್ತದೆ. ಇದಕ್ಕೆಂದೇ ಇರುವ ‘ಇನ್‌ವಿಸಿಬಿಲಿಟಿ ಆಫ್ ಎಲಿಮೆಂಟ್ ಲೊಕೇಟೆಡ್’ ಷರತ್ತು ನನಗೆ ಬಹಳ ಮೆಚ್ಚಿಗೆಯಾಗಿದೆ. ಚಕ್ರ ಕಣ್ಣಿಗೆ ಕಾಣದಂತಾದರೂ, ಬ್ರೌಸರ್ ಇಟ್ಟುಕೊಂಡಿರುವ ಪುಟದ ರಚನೆಯಾದ ಡಾಮ್‌ನಿಂದಲೇ ಅಳಿದುಹೋದರೂ ಅದು ಒಪ್ಪುತ್ತದೆ. ಸಾಮಾನ್ಯವಾಗಿ 500 ಮಿಲಿಸೆಕೆಂಡಿಗೊಮ್ಮೆ ಪರಿಶೀಲಿಸುವುದರಿಂದ, ಕುರುಡಾಗಿ ಐದು ಸೆಕೆಂಡು ನಿಲ್ಲುವ ಸ್ಲೀಪ್‌ಗಿಂತ ಎಷ್ಟೋ ಮೇಲು.

ದೋಷವೂ ಉಂಟು. ಇಂಪ್ಲಿಸಿಟ್ ವೇಟ್ ಅನ್ನು, ಅಂದರೆ ಪುಟದ ಯಾವುದೇ ಅಂಶ ಸಿಗದಿದ್ದಾಗ ಅದನ್ನು ಹುಡುಕುತ್ತಾ ಕಾಯುವ ಅವಧಿಯನ್ನು, 10 ಸೆಕೆಂಡಿಗೆ ಇಟ್ಟಿದ್ದರೆ, ಆಗಲೇ ಅಳಿದುಹೋದ ಚಕ್ರವನ್ನು ಸೆಲೆನಿಯಂ ಆ ಹತ್ತೂ ಸೆಕೆಂಡು ಹುಡುಕುತ್ತಲೇ ಇರುತ್ತದೆ. ಇಂಪ್ಲಿಸಿಟ್ ವೇಟ್ ಅನ್ನೂ ಇಂಥ ಷರತ್ತಿಗಾಗಿ ಕಾಯುವುದನ್ನೂ ಬೆರೆಸಬಾರದೆಂದು ಅದರ ದಾಖಲೆಗಳೇ ಎಚ್ಚರಿಸುತ್ತವೆ. ನಾನು ಇಂಪ್ಲಿಸಿಟ್ ವೇಟ್ ಅನ್ನು ಸೊನ್ನೆಗೆ ಇಳಿಸಿದ್ದೇನೆ.

ಇನ್ನೊಂದು ಸೂಕ್ಷ್ಮವಿದೆ: ಚಕ್ರ ಇನ್ನೂ ಮೂಡಿಯೇ ಇಲ್ಲದಿದ್ದಾಗಲೂ ಷರತ್ತು ಕೂಡಲೇ ಪೂರೈಸಿಬಿಡುತ್ತದೆ. ಇಂಥದೇ ಇನ್ನೊಂದು ಸಾಧನವಾದ ಪ್ಲೇರೈಟ್‌ನ ‘ಟು ಬಿ ಹಿಡನ್’ ಕೂಡ ಹೀಗೆಯೇ ವರ್ತಿಸುತ್ತದೆ. ಆದ್ದರಿಂದ ಚಕ್ರ ಹೋದುದನ್ನಷ್ಟೇ ನಂಬದೆ, ದರಪಟ್ಟಿಯ ಮೊದಲ ಸಾಲು ಕಾಣಿಸಿಕೊಳ್ಳುವುದನ್ನೂ ಕಾಯುವಂತೆ ನಾನು ಪ್ರತಿ ಪರೀಕ್ಷೆಯಲ್ಲೂ ಬರೆಯುತ್ತೇನೆ.