ಕೊಲೆ ರಹಸ್ಯಕ್ಕೆ ಮೂರು ಬಾಟಲಿ: ಯಾವ ಸಿನಿಮಾಗೆ ಯಾವ ವೈನ್?

ಕೊಲೆ, ಕತ್ತಲೆ, ಮಳೆ ಎಂದ ಕೂಡಲೇ ಗಾಢ ಕೆಂಪು ವೈನ್ ತೆಗೆಯುವುದು ರೂಢಿ. ನೋಡಲು ಚೆನ್ನ, ಸಿನಿಮಾಗೆ ಕೇಡು. ಒಳ್ಳೆಯ ಪತ್ತೇದಾರಿ ಸಿನಿಮಾದಲ್ಲಿ ಮುಖ್ಯ ಸುಳಿವು ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ, ಏನೂ ಅಲ್ಲವೆಂಬಂತೆ ಬಂದು ಹೋಗುತ್ತದೆ. ಆ ಹೊತ್ತಿಗೆ 13–14 ಪರ್ಸೆಂಟಿನ ಕೆಂಪು ಎರಡು ಗ್ಲಾಸ್ ಇಳಿದಿದ್ದರೆ ಕೊನೆಗೆ ಕೊಲೆಗಾರ ಸಿಕ್ಕಾಗ ‘ಇವನು ಯಾರು?’ ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಹಾಗಾಗಿ ಬೆಂಗಳೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮೂರು ವೈನ್‌ಗಳನ್ನು ಇಲ್ಲಿ ರುಚಿಯ ಜತೆಗೆ ಇನ್ನೊಂದು ಲೆಕ್ಕದಲ್ಲೂ ನೋಡಲಾಗಿದೆ: ಎರಡು ಗಂಟೆಯ ಸಿನಿಮಾದುದ್ದಕ್ಕೂ ಗ್ಲಾಸಿನಲ್ಲಿ ಹೇಗಿರುತ್ತವೆ?

ಮೊದಲನೆಯದು ಸುಲಾ ಬ್ರೂಟ್, ಗುಳ್ಳೆ ಏಳುವ ಬಿಳಿ ವೈನ್. ಜೋಡಿ ಹಿಚ್‌ಕಾಕ್‌ರ ‘ನೊಟೋರಿಯಸ್’ (1946). ಕಟ್ಟುನಿಟ್ಟಾಗಿ ಹೇಳಿದರೆ ಇದು ಪತ್ತೇದಾರಿಯಲ್ಲ, ಗೂಢಚಾರರ ಕಥೆ. ಆದರೆ ವೈನ್ ಬಾಟಲಿಯನ್ನೇ ಸುಳಿವಾಗಿಸಿದ ಸಿನಿಮಾ ಬಿಟ್ಟು ಮುಂದೆ ಹೋಗುವುದು ಹೇಗೆ? ಪಾರ್ಟಿಯಲ್ಲಿ ಶಾಂಪೇನ್ ಬಾಟಲಿಗಳು ಒಂದೊಂದಾಗಿ ಖಾಲಿಯಾಗುತ್ತವೆ. ಪೂರ್ತಿ ಮುಗಿದರೆ ಯಜಮಾನ ನೆಲಮಾಳಿಗೆಗೆ ಇಳಿಯಬೇಕು, ಅದರ ಕೀಲಿ ಇರುವುದು ನಾಯಕಿ ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯಲ್ಲಿ. ಕ್ಯಾಮೆರಾ ಮೇಲಿನಿಂದ ಇಳಿದು ಇಳಿದು ಆ ಮುಷ್ಟಿಯ ಮೇಲೆ ನಿಲ್ಲುವಾಗ ನಮ್ಮ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಕಣ್ಣು ಹೋಗದಿದ್ದರೆ ಕೇಳಿ. ಸಿನಿಮಾ ಶುರುವಾಗಿ ಸುಮಾರು ಒಂದು ಗಂಟೆಗೆ ಹಿಚ್‌ಕಾಕ್ ಸ್ವತಃ ಬಂದು ಒಂದು ಗ್ಲಾಸ್ ಶಾಂಪೇನ್ ಏರಿಸಿ ಹೊರಟುಬಿಡುತ್ತಾರೆ. ನಿಮ್ಮ ಎರಡನೇ ಗ್ಲಾಸಿಗೂ ಅದೇ ಹೊತ್ತು.

ಬಾಟಲಿ 6–8 ಡಿಗ್ರಿಗೆ ತಣ್ಣಗಾಗಿರಬೇಕು. ಫ್ರಿಜ್ಜಿನಲ್ಲಾದರೆ ನಾಲ್ಕು ಗಂಟೆ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಬರೀ ಐಸು ಸಾಲದು, ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ತೆಗೆಯುವಾಗ ಹೆಬ್ಬೆರಳನ್ನು ಕಾರ್ಕಿನ ಮೇಲಿಂದ ಎತ್ತದೆ ತಂತಿಯನ್ನು ಆರು ಅರ್ಧಸುತ್ತು ಬಿಚ್ಚಿ, ಬಾಟಲಿಯನ್ನು ಓರೆಯಾಗಿ ಹಿಡಿದು, ಕಾರ್ಕನ್ನು ಬಿಗಿಹಿಡಿದು ಬಾಟಲಿಯನ್ನೇ ತಿರುಗಿಸಿ. ‘ಢಬ್’ ಎಂದರೆ ಬಾಟಲಿ ಬೆಚ್ಚಗಿತ್ತು ಅಥವಾ ಯಾರೋ ಕುಲುಕಿದ್ದಾರೆ. ಕಾಲು ಪಾಲು ವೈನ್ ನೆಲಕ್ಕೆ. ಹಳೆಯ ಸಿನಿಮಾಗಳಲ್ಲಿ ಕಾಣುವ ಅಗಲ ಬಾಯಿಯ ಗ್ಲಾಸ್ ಫೋಟೋಗೆ ಮಾತ್ರ, ಗುಳ್ಳೆ ಬೇಗ ಸಾಯುತ್ತದೆ. ಕಿರಿದಾದ ಬಾಯಿಯ ಗ್ಲಾಸಿಗೆ ಸಲಕ್ಕೆ 100 ಎಂಎಲ್ ಸಾಕು. ಕುರುಕಲಿಗೆ ಚಕ್ಕುಲಿ, ನಿಪ್ಪಟ್ಟು ಹೇಳಿ ಮಾಡಿಸಿದ ಜೋಡಿ: ಎಣ್ಣೆಯ ಜಿಡ್ಡನ್ನು ಗುಳ್ಳೆ, ಹುಳಿ ಎರಡೂ ಸೇರಿ ತೊಳೆಯುತ್ತವೆ. ತೊಂದರೆ ಸದ್ದಿನದು. 1946ರ ಧ್ವನಿಮುದ್ರಣದ ಮುಂದೆ ನಿಪ್ಪಟ್ಟು ಕಡಿದರೆ ಸಂಭಾಷಣೆ ಹೋಯಿತು, ಸಬ್‌ಟೈಟಲ್ ಹಾಕಿಕೊಳ್ಳಿ.

ಎರಡನೆಯದು ಸುಲಾ ಶೆನಿನ್ ಬ್ಲಾಂಕ್, ಗುಳ್ಳೆಯಿಲ್ಲದ ಬಿಳಿ ವೈನ್. ಮೂರರಲ್ಲಿ ಒಂದೇ ತರುವುದಾದರೆ ಇದನ್ನೇ ತನ್ನಿ. ಇದರಲ್ಲಿ ಸಣ್ಣಗೆ ಸಿಹಿಯಿದೆ, ನಮ್ಮ ಖಾರಕ್ಕೆ ಆ ಸಿಹಿಯೇ ಔಷಧ. ಬೇಕರಿಯ ಕಾಂಗ್ರೆಸ್ ಕಡಲೆಕಾಯಿ ಒಂದು ಹಿಡಿ ಬಾಯಿಗೆ ಹಾಕಿ ಮೇಲೊಂದು ಗುಟುಕು ಕುಡಿದರೆ ಕರಿಬೇವು, ಇಂಗು, ಮೆಣಸಿನಪುಡಿ ಮೂರೂ ಬೇರೆಬೇರೆಯಾಗಿ ತಿಳಿಯುತ್ತವೆ. ಜೋಡಿ ಸುನಿಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ ‘ತರ್ಕ’ (1989), ಶಂಕರ್‌ನಾಗ್ ಅಭಿನಯದ್ದು. ಇದರಲ್ಲಿ ಹಾಡೇ ಇಲ್ಲ. ಅಂದರೆ ಹಾಡು ಬಂದಾಗ ಎದ್ದು ಗ್ಲಾಸ್ ತುಂಬಿಸಿಕೊಂಡು ಬರುವ ನಮ್ಮ ಹಳೆಯ ಅಭ್ಯಾಸ ನಡೆಯುವುದಿಲ್ಲ. ಬಾಟಲಿಯನ್ನು ಟೀಪಾಯಿಯ ಮೇಲೇ, ಐಸು-ನೀರಿನ ಬಕೆಟ್ಟಿನಲ್ಲಿ ಇಡಿ. 8–10 ಡಿಗ್ರಿಯಲ್ಲಿ ಶುರುಮಾಡಿ. 14 ದಾಟಿದರೆ ಸಿಹಿ ಎದ್ದು ಹುಳಿ ಮಲಗುತ್ತದೆ, ಪಾನಕದಂತಾಗುತ್ತದೆ.

ಮೂರನೆಯದು ನಮ್ಮ ನಂದಿ ಬೆಟ್ಟದ ಬುಡದ್ದು: ಗ್ರೋವರ್ ಝಂಪಾ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿ ಬೆರೆತ, ಓಕ್ ಪೀಪಾಯಿಯಲ್ಲಿಟ್ಟ ಕೆಂಪು. ಇದಕ್ಕೆ ಸಿಡ್ನಿ ಲುಮೆಟ್‌ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ (1974). ಎರಡು ಗಂಟೆ ಮೀರುವ ಸಿನಿಮಾ, ಕೊನೆಯಲ್ಲಿ ಪತ್ತೇದಾರ ಪೊಯ್ರೋ ಎಲ್ಲರನ್ನೂ ಒಂದೇ ಬೋಗಿಯಲ್ಲಿ ಕೂರಿಸಿ ಉದ್ದಕ್ಕೆ ಬಿಡಿಸಿ ಹೇಳುತ್ತಾನೆ. ಈ ವೈನಿಗೂ ಅಷ್ಟೇ ವ್ಯವಧಾನ ಬೇಕು. ತೆಗೆದ ಕೂಡಲೇ ಒಗರು, ಮರದ ವಾಸನೆ ಮುಂದಾಗಿರುತ್ತವೆ. ಮುಕ್ಕಾಲು ಗಂಟೆ ಗಾಳಿ ತಾಗಿದ ಮೇಲೆ ಹಣ್ಣು ಹೊರಬರುತ್ತದೆ. ಟೈಟಲ್ ಕಾರ್ಡ್ ಬೀಳುವಾಗ ಬಾಟಲಿ ತೆಗೆದು ಒಂದು ಗ್ಲಾಸಿನಷ್ಟು ಬಗ್ಗಿಸಿಬಿಡಿ. ಕಾರ್ಕ್ ತೆಗೆದು ಸುಮ್ಮನೆ ಇಟ್ಟರೆ ಆ ಸಣ್ಣ ಕುತ್ತಿಗೆಯಲ್ಲಿ ಗಾಳಿ ಏನೂ ಹೋಗದು. ಹೆಣ ಸಿಕ್ಕ ಮೇಲೆ ಮೊದಲ ಗುಟುಕು.

‘ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ’ ಎಂಬ ಮಾತು ಏಪ್ರಿಲ್ ಬೆಂಗಳೂರಿಗೆ ಸಲ್ಲದು. 28 ಡಿಗ್ರಿಯ ಕೋಣೆಯಲ್ಲಿ ಸ್ಪಿರಿಟ್ಟಿನ ಘಾಟೇ ಮೂಗಿಗೆ ಹೊಡೆಯುತ್ತದೆ. ಮೊದಲು ಫ್ರಿಜ್ಜಿನಲ್ಲಿ ಸುಮಾರು ಒಂದೂವರೆ ಗಂಟೆ ಇಟ್ಟು 16–18ಕ್ಕೆ ತನ್ನಿ. ಜತೆಗೆ ಖಾರದ್ದೇನೂ ಬೇಡ: ಒಗರು ಮತ್ತು ಮೆಣಸು ಸೇರಿದರೆ ನಾಲಿಗೆ ಉರಿ ದುಪ್ಪಟ್ಟು. ಉಪ್ಪು ಹಾಕಿ ಹುರಿದ ಗೋಡಂಬಿ ಅಥವಾ ಗಟ್ಟಿ ಚೀಸ್ ಸರಿ, ಕೊಬ್ಬು ಒಗರನ್ನು ತಗ್ಗಿಸುತ್ತದೆ. ಬೆಣ್ಣೆ ಬಿಸ್ಕತ್ತಿನ ಸಿಹಿ ಇದೇ ವೈನನ್ನು ಹುಳಿ ಹುಳಿಯಾಗಿಸುತ್ತದೆ.

ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ಸಿನಿಮಾ ನಡೆಯುವಾಗ ಬೇಡ, ಮುಗಿದ ಮೇಲೆ 50 ಎಂಎಲ್ ಸಾಕು.

ಕೊಳ್ಳುವಾಗ ಕಿಟಕಿಯ ಬಿಸಿಲಿಗೆ ಅಥವಾ ಟ್ಯೂಬ್‌ಲೈಟಿನ ಕೆಳಗೆ ನಿಂತ ಬಾಟಲಿ ಬಿಟ್ಟು, ಒಳಗಿನ ಡಬ್ಬದಿಂದ ಕೊಡಲು ಕೇಳಿ. ಶೆನಿನ್‌ನಲ್ಲಿ ಲೇಬಲ್ಲಿನ ಇಸವಿ ಎರಡು ವರ್ಷಕ್ಕಿಂತ ಹಿಂದಿನದಾಗಿದ್ದರೆ, ಬಣ್ಣ ತೆಳು ಹಳದಿ ಬಿಟ್ಟು ಕಂದಿದ್ದರೆ ಬೇಡ. ಉಳಿದ ಕೆಂಪು ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತಡೆಯುತ್ತದೆ. ಗುಳ್ಳೆಯ ವೈನಿಗೆ ಕ್ಲಿಪ್ ಇರುವ ಮುಚ್ಚಳ ಹಾಕಿದರೂ ಮರುದಿನವೇ ಮುಗಿಸಿ.