ಬೆವನ್, ಬೋಸ್ಟನ್, ಅರ್ವಿನ್: ಯಾರು ದೊಡ್ಡ ವಿಂಗರ್?

ರಗ್ಬಿ ಲೀಗ್‌ನಲ್ಲಿ (ತಂಡಕ್ಕೆ 13 ಜನರ ರಗ್ಬಿ) ವಿಂಗರ್ ಅಂದರೆ ಮೈದಾನದ ಅಂಚಿನಲ್ಲಿ ಓಡಿ ಟ್ರೈ ಗಳಿಸುವವನು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ. ಬರೀ ಲೆಕ್ಕ ನೋಡಿದರೆ ಬ್ರಯಾನ್ ಬೆವನ್ ಎದುರು ಯಾರೂ ನಿಲ್ಲುವುದಿಲ್ಲ. ಒಟ್ಟು 796 ಟ್ರೈ, ಅದರಲ್ಲಿ 740 ಇಂಗ್ಲೆಂಡಿನ ವಾರಿಂಗ್ಟನ್ ಕ್ಲಬ್‌ಗೆ. ನೋಡಲು ಮಾತ್ರ ಆಟಗಾರನ ಹಾಗಿರಲಿಲ್ಲ: ಬೋಳುತಲೆ, ಸಣಕಲು ಮೈ, ಮಂಡಿಗೆ ಬ್ಯಾಂಡೇಜು. ಆದರೆ ಒಮ್ಮೆ ನುಣುಚಿಕೊಂಡರೆ ಕೈಗೆ ಸಿಗುತ್ತಿರಲಿಲ್ಲ. ಒಂದೇ ಕೊರತೆ, ಸಿಡ್ನಿಯವರಾದರೂ ಆಸ್ಟ್ರೇಲಿಯಾ ಪರ ಟೆಸ್ಟ್ (ದೇಶ-ದೇಶಗಳ ನಡುವಿನ ಪಂದ್ಯ) ಆಡಲೇ ಇಲ್ಲ.

ಬಿಲ್ಲಿ ಬೋಸ್ಟನ್ ಇದಕ್ಕೆ ತದ್ವಿರುದ್ಧ. ವೇಲ್ಸ್‌ನ ಕಾರ್ಡಿಫ್ ನಗರದ ಟೈಗರ್ ಬೇ ಹುಡುಗ, ಭಾರಿ ಆಳು. ವೇಗವೂ ಇತ್ತು, ಅಡ್ಡ ಬಂದವರನ್ನು ಗುದ್ದಿಕೊಂಡು ಹೋಗುವ ಬಲವೂ ಇತ್ತು. ಇಂಗ್ಲೆಂಡಿನ ವಿಗನ್ ಕ್ಲಬ್ ಪರ 488 ಪಂದ್ಯಗಳಲ್ಲಿ 478 ಟ್ರೈ, ಗ್ರೇಟ್ ಬ್ರಿಟನ್ ಪರ 31 ಟೆಸ್ಟ್‌ಗಳಲ್ಲಿ 24. ಎದುರಾಳಿಯನ್ನು ಕೆಡವುವುದರಲ್ಲೂ ಗಟ್ಟಿಗ. 2025ರಲ್ಲಿ ಸರ್ ಪದವಿ ಸಿಕ್ಕಿತು. ತಡ ಆಯ್ತು, ಅಲ್ವಾ?

ಆಸ್ಟ್ರೇಲಿಯಾದವರನ್ನು ಕೇಳಿದರೆ ಕೆನ್ ಅರ್ವಿನ್ ಎನ್ನುತ್ತಾರೆ. ಸಿಡ್ನಿಯ ಲೀಗ್‌ನಲ್ಲಿ 212 ಟ್ರೈ. ಟೆಸ್ಟ್‌ನಲ್ಲಂತೂ ಆಡಿದ ಪಂದ್ಯಗಳಿಗಿಂತ ಟ್ರೈಗಳೇ ಜಾಸ್ತಿ. ಆಗಿನ ಸಿಡ್ನಿ ಲೀಗ್‌ನಲ್ಲಿ ಪಂದ್ಯಗಳು ಕಡಿಮೆ. ಹಾಗಾಗಿ 212 ಮತ್ತು 796 ಅನ್ನು ಸುಮ್ನೆ ಪಕ್ಕಪಕ್ಕ ಇಡುವುದು ಸರಿಯಲ್ಲ.

ಶುದ್ಧ ಓಟ ಬೇಕೆಂದರೆ ಅರ್ವಿನ್ ಅಥವಾ ಇಂಗ್ಲೆಂಡಿನ ವಿಂಗರ್ ಮಾರ್ಟಿನ್ ಒಫಾಯ. ಟ್ರೈ ಗಳಿಸುವ ಚಾಣಾಕ್ಷತನವೇ ಮುಖ್ಯ ಎನ್ನುವವರಿಗೆ ಬೆವನ್. ನನ್ನ ಮತ ಬೋಸ್ಟನ್‌ಗೆ. ಚೆಂಡು ಕೈಯಲ್ಲಿ ಇಲ್ಲದಾಗಲೂ ತಂಡಕ್ಕೆ ಅವರು ಬೇಕಿತ್ತು.